ಅಸಮಾನತೆಯ ಲೆಕ್ಕ ಹಾಕುವುದು ದೇಶದ್ರೋಹವೇ? ‘ಬಿಲಿಯನೇರ್ ರಾಜ್’ ಪ್ರಬಂಧದ ಬಗ್ಗೆ ಚರ್ಚೆ

ತುಂಗೆಯ ದಡ

ಈ ಮಾತು ಬೇರೆ ಕಡೆ ಶುರುವಾಗಿ ಜಗಳಕ್ಕೆ ತಿರುಗಿತು. ಅದಕ್ಕೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ ಉತ್ತರಿಸಿ.

2024ರ ಮಾರ್ಚ್‌ನಲ್ಲಿ ಅರ್ಥಶಾಸ್ತ್ರಜ್ಞರಾದ ಥಾಮಸ್ ಪಿಕೆಟಿ, ಲ್ಯೂಕಾಸ್ ಶಾನ್ಸೆಲ್, ನಿತಿನ್ ಕುಮಾರ್ ಭಾರ್ತಿ, ಅನ್ಮೋಲ್ ಸೋಮಂಚಿ ಸೇರಿ ಭಾರತದ ಅಸಮಾನತೆಯ ಬಗ್ಗೆ ಒಂದು ಪ್ರಬಂಧ ಹೊರತಂದರು. 1922ರಿಂದ 2023ರವರೆಗೆ, ನೂರು ವರ್ಷದ ಲೆಕ್ಕ. ಅವರ ಪ್ರಕಾರ 2022-23ರಲ್ಲಿ ದೇಶದ ಆದಾಯದ ಶೇ 22.6ರಷ್ಟು ಮೇಲಿನ ಶೇ 1ರಷ್ಟು ಜನರಿಗೆ ಹೋಗಿದೆ. ಸಂಪತ್ತಿನಲ್ಲಿ ಅವರ ಪಾಲು ಶೇ 40.1. ಇದೇ ಶೇ 1ರಷ್ಟು ಜನರ ಆದಾಯದ ಪಾಲು 1980ರ ದಶಕದ ಆರಂಭದಲ್ಲಿ ಸುಮಾರು ಶೇ 6 ಇತ್ತು. ಈಗಿನ ‘ಬಿಲಿಯನೇರ್ ರಾಜ್’ ಬ್ರಿಟಿಷ್ ರಾಜ್‌ಗಿಂತಲೂ ಅಸಮಾನ ಅನ್ನುವುದು ಅವರ ತೀರ್ಮಾನ.

ಇದಕ್ಕೆ ಬಂದ ಉತ್ತರಗಳಲ್ಲಿ ನನಗೆ ತುಂಬಾ ನೋವಾಗಿದ್ದು ಒಂದು. ‘ಇಂಥ ಪ್ರೊಫೆಸರ್‌ಗಳಿಗೆ ದೇಶದ ಏಳಿಗೆ ಸಹಿಸಲು ಆಗಲ್ಲ’ ಅಂತ ಒಬ್ಬರು ಬರೆದರು. ಅದಕ್ಕೆ ನೂರಾರು ಜನ ತಲೆದೂಗಿದರು.

ನಮ್ಮ ದೇಶದಲ್ಲಿ ಬಡತನದ ಲೆಕ್ಕ ಮೊದಲು ಹಾಕಿದವರು ಯಾರು? ದಾದಾಭಾಯಿ ನವರೋಜಿ. ಬೊಂಬಾಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತದ ಪ್ರೊಫೆಸರ್ ಆಗಿದ್ದವರು. 1860ರ ದಶಕದ ಕೊನೆಯ ಅಂಕಿಅಂಶ ಹಿಡಿದು, ಭಾರತೀಯನೊಬ್ಬನ ವರ್ಷದ ಆದಾಯ ಸುಮಾರು 20 ರೂಪಾಯಿ ಎಂದು ಲೆಕ್ಕ ಹಾಕಿದರು. ಈ ದೇಶದ ಸಂಪತ್ತು ಹೇಗೆ ಸೋರಿ ಇಂಗ್ಲೆಂಡಿಗೆ ಹೋಗುತ್ತಿದೆ ಎಂದು ಅಂಕಿಗಳಲ್ಲೇ ತೋರಿಸಿದರು. ಆಮೇಲೆ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1931-32ರ ರಾಷ್ಟ್ರೀಯ ಆದಾಯವನ್ನು ಅಂದಾಜು ಮಾಡಿದರು. ಬೆಂಗಳೂರಿನಲ್ಲಿ ಐಸೆಕ್ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದ್ದು, ಬಳ್ಳಾರಿಯಿಂದ ಲೋಕಸಭೆಗೆ ಹೋಗಿದ್ದು ಇದೇ ರಾವ್. ಇವರ ಲೆಕ್ಕಗಳಿಲ್ಲದೆ ಸ್ವಾತಂತ್ರ್ಯದ ವಾದಕ್ಕೆ ಅರ್ಧ ಬಲವೂ ಇರುತ್ತಿರಲಿಲ್ಲ.

ಆಗ ದೇಶಪ್ರೇಮವಾಗಿದ್ದ ಕೆಲಸ ಈಗ ದೇಶದ್ರೋಹ ಹೇಗಾಯಿತು? ಪ್ರಬಂಧದ ಲೆಕ್ಕ ತಪ್ಪಿದ್ದರೆ ತಪ್ಪು ಅಂತ ತೋರಿಸೋಣ. ಲೆಕ್ಕ ಹಾಕಿದವರ ನಿಷ್ಠೆ ಪ್ರಶ್ನಿಸುವುದು ಯಾಕೆ?

ಮಾಜಿ ಸುಬೇದಾರ್, ಕೊಡಗು

ಸರ್, ನಿಮ್ಮ ಬರಹ ಪೂರ್ತಿ ಓದಿದೆ. ಲೆಕ್ಕ ಹಾಕಿದ್ದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಹೋಲಿಕೆಗೆ.

1943ರಲ್ಲಿ ಬಂಗಾಳದ ಬರಗಾಲದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಸ್ವಾತಂತ್ರ್ಯ ಬಂದಾಗ ನಮ್ಮವರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ 70ರ ಹತ್ತಿರ. 1951ರಲ್ಲಿ ಓದು ಬರಹ ಬಲ್ಲವರು ಶೇ 18, 2011ರ ಜನಗಣತಿಯಲ್ಲಿ ಶೇ 74. ಅನ್ನ ಸಿಗದೆ ಸತ್ತವನಿಗೆ ಮೇಲಿನ ಶೇ 1ರ ಪಾಲು ಎಷ್ಟು ಅನ್ನುವುದರಿಂದ ಏನಾಗಬೇಕು? ‘ಬ್ರಿಟಿಷರಿಗಿಂತ ಕಡೆ’ ಅಂತ ಯಾರಾದರೂ ಬರೆದರೆ, ಗಡಿಯಲ್ಲಿ ಹಿಮದಲ್ಲಿ ನಿಂತ ಹುಡುಗ ಅದನ್ನು ಓದಿ ‘ನಾನು ಯಾರಿಗೋಸ್ಕರ ನಿಂತಿದ್ದೇನೆ’ ಅಂದುಕೊಳ್ಳುತ್ತಾನೆ. ವಿದ್ವಾಂಸರು ಇದನ್ನೂ ಯೋಚಿಸಬೇಕು.

ಪೀಣ್ಯ ಲೇತ್

ಸುಬೇದಾರ್ ಸರ್ ಹೇಳಿದ್ದು ಸರಿ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ.

1980ರ ಸುಮಾರಿಗೆ ಶೇ 6 ಇತ್ತು ಅಂತ ಖುಷಿಯಿಂದ ತೋರಿಸ್ತಾರಲ್ಲ, ಆ ಕಾಲ ಹೇಗಿತ್ತು? 1973-74ರಲ್ಲಿ ಆದಾಯ ತೆರಿಗೆಯ ಮೇಲಿನ ದರ ಸರ್‌ಚಾರ್ಜ್ ಸೇರಿ ಶೇ 97.75. ಆ ಮೇಲಿನ ಹಂತದಲ್ಲಿ ನೂರು ರೂಪಾಯಿ ದುಡಿದರೆ ಎರಡೂಕಾಲು ರೂಪಾಯಿ ನಿಮಗೆ. ಉತ್ಪಾದನೆ ಜಾಸ್ತಿ ಮಾಡೋಕೂ ಲೈಸೆನ್ಸ್ ಬೇಕಿತ್ತು. ಸ್ಕೂಟರ್‌ಗೆ ವರ್ಷಗಟ್ಟಲೆ ಕಾಯಬೇಕಿತ್ತು. ಕೊನೆಗೆ 1991ರಲ್ಲಿ ವಿದೇಶಿ ಸಾಲ ತೀರಿಸಲು ದೇಶದ ಚಿನ್ನ ವಿಮಾನ ಹತ್ತಿ ಹೋಯಿತು. 47 ಟನ್ ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ. ಅದೂ ಯಾರ ಹತ್ತಿರ ನೋಡಿ. ಎಲ್ಲರೂ ಸಮನಾಗಿ ಬಡವರಾಗಿದ್ದರೆ ಅದನ್ನು ಸಮಾನತೆ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

ನಮ್ಮದು ಸಣ್ಣ ವರ್ಕ್‌ಶಾಪ್. ಆಟೊಮೊಬೈಲ್ ಬಿಡಿಭಾಗ ತಯಾರಿಸುತ್ತೇವೆ. 1991ರ ನಂತರ ಕಾರ್ ಕಂಪನಿಗಳು ಬಂದವು, ಆರ್ಡರ್ ಬಂತು, ಐಟಿಐ ಮುಗಿಸಿದ ಹುಡುಗರಿಗೆ ಕೆಲಸ ಸಿಕ್ಕಿತು. ಇದನ್ನು ಬಂಡವಾಳಶಾಹಿ ಅಂತ ಬೈಯುವವರು ಆ ಹುಡುಗರಿಗೆ ಬೇರೆ ದಾರಿ ತೋರಿಸಲಿ.

ಇನ್ನು ಇದೇ ತಂಡ 2024ರ ಮೇ ತಿಂಗಳಲ್ಲಿ ಇನ್ನೊಂದು ಪ್ರಸ್ತಾವ ಕೊಟ್ಟಿತು. 10 ಕೋಟಿ ಮೀರಿದ ಆಸ್ತಿಗೆ ವರ್ಷಕ್ಕೆ ಶೇ 2 ತೆರಿಗೆ, 10 ಕೋಟಿ ಮೀರಿದ ಪಿತ್ರಾರ್ಜಿತಕ್ಕೆ ಶೇ 33. ಶೇ 99.96ರಷ್ಟು ವಯಸ್ಕರಿಗೆ ಇದು ತಟ್ಟುವುದೇ ಇಲ್ಲವಂತೆ. ಪೀಣ್ಯದಲ್ಲಿ ಹಿಂದೆ ಕಡಿಮೆ ಬೆಲೆಗೆ ಕೊಂಡ ಸೈಟಿನ ಬೆಲೆ ಈಗ ಎಲ್ಲಿಗೆ ಹೋಗಿದೆ ಅಂತ ವಿಚಾರಿಸಿ. ಕಾಗದದ ಮೇಲೆ ಕೋಟಿ ಕೋಟಿ. ಕೈಯಲ್ಲಿ ಬರುವುದು ತಿಂಗಳ ಕೊನೆಗೆ ಸಂಬಳ ಕೊಟ್ಟು ಉಳಿದಿದ್ದು. ಶೇ 2 ತೆರಿಗೆಗೆ ವರ್ಷಕ್ಕೊಂದು ಮಿಷಿನ್ ಮಾರಬೇಕಾ?

ಲೆಕ್ಕಪತ್ರ

ತೆರಿಗೆ ಸಲಹೆ ಕೊಡುವುದೇ ನನ್ನ ಕೆಲಸ, ಹಾಗಾಗಿ ಎರಡು ಮಾತು.

ಪೀಣ್ಯದ ಅಣ್ಣನವರ ಭಯ ನ್ಯಾಯವಾದದ್ದು. ನಗದು ಕೊಡದ ಆಸ್ತಿಯ ಮೇಲಿನ ತೆರಿಗೆ ಎಲ್ಲ ದೇಶದಲ್ಲೂ ತಲೆನೋವೇ. ನಮ್ಮಲ್ಲೂ ಸಂಪತ್ತು ತೆರಿಗೆ ಇತ್ತಲ್ಲ, 1957ರ ಕಾಯ್ದೆ. 2015ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ಅದನ್ನು ತೆಗೆದರು. 2013-14ರಲ್ಲಿ ಇಡೀ ದೇಶದಿಂದ ಬಂದಿದ್ದು 1,008 ಕೋಟಿ ಮಾತ್ರ ಅನ್ನುವುದು ಅವರು ಕೊಟ್ಟ ಕಾರಣ. 1953ರಲ್ಲಿ ಬಂದ ಎಸ್ಟೇಟ್ ಡ್ಯೂಟಿಯ, ಅಂದರೆ ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆಯ, ಕಥೆಯೂ ಹಾಗೇ. ದರ ಶೇ 85ರವರೆಗೆ ಇತ್ತು. ಬಂದ ಹಣ ಅಷ್ಟಕ್ಕಷ್ಟೇ. 1985ರಲ್ಲಿ ಅದೂ ಹೋಯಿತು.

ಆದರೆ ಯಾಕೆ ಕಡಿಮೆ ಬಂತು ಅನ್ನುವುದನ್ನು ಯಾರೂ ಹೇಳಲ್ಲ. 1993ರಿಂದ ಸಂಪತ್ತು ತೆರಿಗೆ ಬರೀ ‘ಉತ್ಪಾದಕವಲ್ಲದ’ ಆಸ್ತಿಗೆ ಸೀಮಿತವಾಯಿತು. ಒಡವೆ, ಕಾರು, ನಗರದ ಖಾಲಿ ಜಾಗ, ಇಂಥವು. ಷೇರುಗಳನ್ನು ಹೊರಗಿಟ್ಟರು. ದೊಡ್ಡ ಶ್ರೀಮಂತರ ಸಂಪತ್ತು ಇರುವುದೇ ಷೇರಿನಲ್ಲಿ. ಬಲೆಯಿಂದ ದೊಡ್ಡ ಮೀನನ್ನು ಮೊದಲೇ ಆಚೆ ಬಿಟ್ಟು, ಮೀನೇ ಸಿಗಲಿಲ್ಲ ಅಂದ ಹಾಗಾಯಿತು.

ಸಂಪತ್ತು ತೆರಿಗೆ ಬಿಡಿ. ಈಗ ನಡೆಯುತ್ತಿರುವುದನ್ನೇ ನೋಡಿ. ಸಂಬಳ ಜಾಸ್ತಿಯಿದ್ದರೆ ಮೇಲಿನ ಹಂತಕ್ಕೆ ಶೇ 30 ತೆರಿಗೆ. ಷೇರುಪೇಟೆಯಲ್ಲಿ ಲಿಸ್ಟ್ ಆದ ಷೇರನ್ನು ಒಂದು ವರ್ಷ ಇಟ್ಟು ಮಾರಿದ ಲಾಭಕ್ಕೆ, ಮೊದಲ 1.25 ಲಕ್ಷ ಬಿಟ್ಟು, 2024ರ ಜುಲೈ 23ರಿಂದ ಶೇ 12.5. ರಾತ್ರಿ ಪಾಳಿ ಮಾಡಿ ಕೋಡ್ ಬರೆಯುವ ಹುಡುಗಿಯ ಬೆವರಿಗೆ ಶೇ 30, ಅವಳ ಕಂಪನಿಯ ಷೇರು ಇಟ್ಟುಕೊಂಡು ಕೂತವರ ಲಾಭಕ್ಕೆ ಅದರ ಅರ್ಧಕ್ಕೂ ಕಡಿಮೆ. ಇದನ್ನು ಕೇಳೋಕೆ ಪಿಕೆಟಿ ಬೇಕಾಗಿಲ್ಲ, ಅಲ್ವಾ?

ಚಿನ್ನದೂರು

ಬ್ರಿಟಿಷ್ ರಾಜ್ ಜೊತೆ ಹೋಲಿಕೆ ಅಂದಾಗ ನನಗೆ ನಮ್ಮ ಕೋಲಾರ ಜಿಲ್ಲೆಯೇ ಕಣ್ಣ ಮುಂದೆ ಬರುತ್ತದೆ.

1880ರಿಂದ ಕೆಜಿಎಫ್ ಗಣಿ ನಡೆಸಿದ್ದು ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದಾಗ ಅದು ಮೊದಲು ಹರಿದಿದ್ದು ಸುಮಾರು 147 ಕಿ.ಮೀ. ದೂರದ ಈ ಗಣಿಗೆ. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ. ಕಾವೇರಿ ನೀರು ನಮ್ಮದು, ಚಿನ್ನ ನಮ್ಮ ನೆಲದ್ದು, ಮೂರು ಕಿ.ಮೀ. ಆಳಕ್ಕೆ ಇಳಿದ ಕೂಲಿಗಳಲ್ಲಿ ಹೆಚ್ಚಿನವರು ತಮಿಳು, ತೆಲುಗು ಮಾತಾಡುವ ದಲಿತರು. ಡಿವಿಡೆಂಡ್ ಲಂಡನ್ನಿಗೆ. ಕಂಪನಿಯ ಅಧಿಕಾರಿಗಳಿಗೆ ಬಂಗಲೆ, ಕ್ಲಬ್, ಗಾಲ್ಫ್ ಮೈದಾನ. ಕೂಲಿಗಳಿಗೆ ತಟ್ಟಿ ಗೋಡೆಯ ಲೈನ್ ಮನೆ. ಇದು ಬ್ರಿಟಿಷ್ ಬಂಡವಾಳಶಾಹಿ.

ಇಷ್ಟಕ್ಕೇ ನಿಲ್ಲಿಸಿದರೆ ದೇಶಪ್ರೇಮದ ಕಥೆ ಸುಲಭವಾಗಿ ಮುಗಿಯುತ್ತದೆ. ಆದರೆ 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಕೇಂದ್ರಕ್ಕೆ ಹೋಯಿತು, ಭಾರತ್ ಗೋಲ್ಡ್ ಮೈನ್ಸ್ ಆಯಿತು. ಚಿನ್ನ ದೇಶದ್ದಾಯಿತು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಆ ಊರಿನ ಮಕ್ಕಳಿಗೆ ಉಳಿದಿದ್ದು ಬೆಳಗಿನ ಜಾವ ಬೆಂಗಳೂರಿಗೆ ಹೋಗುವ ರೈಲು. ಅದರಲ್ಲಿ ಒಮ್ಮೆ ಹತ್ತಿ ನೋಡಿ. ಸೆಕ್ಯೂರಿಟಿ ಕೆಲಸಕ್ಕೆ, ಹೌಸ್‌ಕೀಪಿಂಗ್‌ಗೆ, ಆಸ್ಪತ್ರೆ ಕೆಲಸಕ್ಕೆ, ಐಟಿ ಕಂಪನಿಗೆ, ಎಲ್ಲಕ್ಕೂ ಹೋಗುವವರು ಒಂದೇ ಡಬ್ಬಿಯಲ್ಲಿ ನಿಂತಿರುತ್ತಾರೆ.

ಅದಕ್ಕೇ ನಾನು ಕೇಳುವುದು ಮಾಲೀಕ ಯಾವ ದೇಶದವನು ಅಂತ ಅಲ್ಲ. ಗಣಿಗೆ ಇಳಿದವನಿಗೆ ಏನು ಸಿಕ್ಕಿತು, ಅವನ ಮಗಳಿಗೆ ಏನು ಸಿಕ್ಕಿತು ಅಂತ. ಬಂಡವಾಳ ವಿದೇಶಿಯೋ, ಸರ್ಕಾರದ್ದೋ, ಸ್ವದೇಶಿ ಶ್ರೀಮಂತರದ್ದೋ, ಈ ಪ್ರಶ್ನೆಯಿಂದ ಯಾವುದಕ್ಕೂ ವಿನಾಯಿತಿ ಇಲ್ಲ.

ಬಯಲುಸೀಮೆ

ಯಾರೂ ಅಂಬೇಡ್ಕರ್ ಹೆಸರು ತೆಗೆಯಲಿಲ್ಲ, ಆಶ್ಚರ್ಯವಾಯಿತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಹೇಳಿದ್ದು ಇದೇ ವಿಷಯ. ಜನವರಿ 26ರಿಂದ ನಾವು ವಿರೋಧಾಭಾಸದ ಬದುಕಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಸಮಾನತೆ ಇರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತದೆ ಎಂದರು. ಇದನ್ನು ಬೇಗ ಸರಿಪಡಿಸದಿದ್ದರೆ ನೊಂದವರು ಈ ಪ್ರಜಾಪ್ರಭುತ್ವವನ್ನೇ ಕೆಡವುತ್ತಾರೆ ಎಂದು ಎಚ್ಚರಿಸಿದರು.

ಅದೇ ಭಾಷಣದಲ್ಲಿ ಜಾತಿಗಳು ರಾಷ್ಟ್ರವಿರೋಧಿ ಅಂದರು. ಜನರನ್ನು ಬೇರೆ ಮಾಡುತ್ತವೆ, ಒಬ್ಬರ ಮೇಲೊಬ್ಬರಿಗೆ ಅಸೂಯೆ ಹುಟ್ಟಿಸುತ್ತವೆ, ಅದಕ್ಕೆ. ಆ ಮಾತನ್ನು ಅವರು ಬಳಸಿದ್ದು ಅಸಮಾನತೆಯ ವಿರುದ್ಧ. ಈಗ ಅಸಮಾನತೆ ಬಗ್ಗೆ ಮಾತಾಡಿದವರ ವಿರುದ್ಧವೇ ಅದನ್ನು ಬಳಸುತ್ತಿದ್ದೇವೆ.

ಶೇ 1, ಶೇ 10 ಅಂತ ಲೆಕ್ಕ ಹಾಕುವ ಪ್ರೊಫೆಸರ್‌ಗಳ ಬಗ್ಗೆ ನನ್ನ ಅಸಮಾಧಾನ ಬೇರೆ. ಮೇಲಿನ ಶೇ 1ರಲ್ಲಿ ಯಾವ ಜಾತಿಯವರು ಎಷ್ಟು, ಮ್ಯಾನ್‌ಹೋಲ್‌ಗೆ ಇಳಿಯುವವರಲ್ಲಿ ಯಾವ ಜಾತಿಯವರು ಎಷ್ಟು ಅನ್ನುವುದಕ್ಕೆ ಅವರು ಮೊದಲು ಬರಬೇಕಿತ್ತು. ಹಣದ ಪಾಲು ಅಳೆದು ಮರ್ಯಾದೆಯ ಪಾಲು ಬಿಟ್ಟರೆ ನಮ್ಮ ದೇಶದ ಅಸಮಾನತೆ ಅರ್ಧ ಮಾತ್ರ ಕಾಣುತ್ತದೆ.

ಮಾಜಿ ಸುಬೇದಾರ್, ಕೊಡಗು

ತಮ್ಮಾ, ನಿನ್ನ ಮಾತು ಮನಸ್ಸಿಗೆ ತಾಗಿತು. ಸೇನೆಯ ಊಟದ ಮನೆಯಾದ ಲಂಗರ್‌ನಲ್ಲಿ ಒಟ್ಟಿಗೆ ಕೂತು ಉಂಡವನು ನಾನು. ಪಕ್ಕದವನ ಜಾತಿ ಕೇಳಿದವನಲ್ಲ.

ಇನ್ನೊಂದು ವಿಷಯ ಹೇಳುತ್ತೇನೆ. 2015ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ‘ಒಂದು ರ‍್ಯಾಂಕ್, ಒಂದು ಪಿಂಚಣಿ’ ಕೇಳಿ ಧರಣಿ ಕೂತರು. ಒಂದೇ ರ‍್ಯಾಂಕ್, ಒಂದೇ ಸೇವಾವಧಿ, ಆದರೆ ಮೊದಲು ನಿವೃತ್ತನಾದವನಿಗೆ ಪಿಂಚಣಿ ಕಡಿಮೆ. ಇದು ಸಮಾನತೆಯ ಕೇಳಿಕೆಯೇ. ಮೆಡಲ್ ವಾಪಸ್ ಮಾಡಲು ಹೊರಟವರೂ ಇದ್ದರು. ಅವರ ದೇಶಪ್ರೇಮವನ್ನು ಯಾರಾದರೂ ಪ್ರಶ್ನಿಸಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಅದೇ ಮರ್ಯಾದೆ ಪೌರಕಾರ್ಮಿಕರು ಧರಣಿ ಕೂತಾಗಲೂ ಸಿಗಬೇಕು. ಇದರಲ್ಲಿ ನಾನು ನಿಮ್ಮ ಜೊತೆ.

ಬ್ರಿಟಿಷ್ ಹೋಲಿಕೆ ಮಾತ್ರ ಈಗಲೂ ಒಪ್ಪಲ್ಲ.

ಸ್ವೀಡನ್ ಕನ್ನಡತಿ

ನಾನಿರುವುದು ಸ್ಟಾಕ್‌ಹೋಮ್‌ನಲ್ಲಿ. ಸಮಾನತೆ ಅಂದರೆ ಎಲ್ಲರೂ ಸ್ವೀಡನ್ ಕಡೆ ಕೈ ತೋರಿಸುತ್ತಾರೆ. ಅದಕ್ಕೆ ಕೆಲವು ವಿಷಯ ಹೇಳಬೇಕು ಅನ್ನಿಸಿತು.

ಇಲ್ಲಿ ಪಿತ್ರಾರ್ಜಿತ ತೆರಿಗೆಯನ್ನು 2004ರ ಕೊನೆಗೆ ತೆಗೆದರು. ಸಂಪತ್ತು ತೆರಿಗೆಯನ್ನು 2007ರಲ್ಲಿ. ಶ್ರೀಮಂತರು ಹಣದ ಜೊತೆ ದೇಶ ಬಿಡುತ್ತಿದ್ದರು. ಬೇರೆ ಕಡೆಯೂ ಇದೇ ನಡೆದಿದೆ. 1990ರಲ್ಲಿ ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ 12 ದೇಶಗಳಲ್ಲಿ ಸಂಪತ್ತು ತೆರಿಗೆ ಇತ್ತು, 2017ಕ್ಕೆ ನಾಲ್ಕರಲ್ಲಿ ಉಳಿಯಿತು. ಬಿಲಿಯನೇರ್‌ಗಳು ಸ್ವೀಡನ್‌ನಲ್ಲೂ ಬೇಕಾದಷ್ಟು ಇದ್ದಾರೆ. ಸಂಪತ್ತಿನ ಅಸಮಾನತೆ ಇಲ್ಲೂ ದೊಡ್ಡದೇ.

ಹಾಗಾದರೆ ಸಮಾನತೆ ಎಲ್ಲಿಂದ ಬಂತು? ಎಲ್ಲರೂ ತೆರಿಗೆ ಕಟ್ಟುತ್ತಾರೆ. ವ್ಯಾಟ್ ಹೆಚ್ಚಿನ ವಸ್ತುಗಳಿಗೆ ಶೇ 25. ಬದಲಿಗೆ ನನ್ನ ಮಗು ಮತ್ತು ನಮ್ಮ ಕಟ್ಟಡ ಗುಡಿಸುವ ಅಕ್ಕನ ಮಗು ಒಂದೇ ಶಾಲೆಯಲ್ಲಿ ಓದುತ್ತವೆ, ಫೀಸ್ ಇಲ್ಲ, ಮಧ್ಯಾಹ್ನ ಬಿಸಿ ಊಟ. ಜ್ವರ ಬಂದರೆ ಇಬ್ಬರಿಗೂ ಒಂದೇ ಆರೋಗ್ಯ ಕೇಂದ್ರ. ಇಲ್ಲಿಯವರು ದೇಶಪ್ರೇಮದ ಬಗ್ಗೆ ಜಾಸ್ತಿ ಮಾತಾಡಲ್ಲ. ಆದರೆ ತೆರಿಗೆ ಕದಿಯುವವನನ್ನು ಪಕ್ಕದ ಮನೆಯವರೂ ಕ್ಷಮಿಸಲ್ಲ.

ಇದೂ ಈಗ ಬಿರುಕು ಬಿಡುತ್ತಿದೆ. 1990ರ ದಶಕದಿಂದ ಸರ್ಕಾರದ ಹಣದಲ್ಲೇ ಲಾಭಕ್ಕಾಗಿ ಶಾಲೆ ನಡೆಸುವ ಕಂಪನಿಗಳು ಬಂದಿವೆ. ಅನುಕೂಲಸ್ಥರ ಮಕ್ಕಳು ಒಂದು ಕಡೆ, ವಲಸೆ ಬಂದವರ ಮಕ್ಕಳು ಇನ್ನೊಂದು ಕಡೆ ಸೇರುತ್ತಿದ್ದಾರೆ. ಇಲ್ಲಿನ ಚುನಾವಣೆಗಳಲ್ಲಿ ಅದೇ ದೊಡ್ಡ ಜಗಳ. ಶಾಲೆ ಬೇರೆಯಾದರೆ ದೇಶವೂ ನಿಧಾನಕ್ಕೆ ಬೇರೆಯಾಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ತುಂಗೆಯ ದಡ

ಎಲ್ಲರಿಗೂ ಸೇರಿಸಿ ಉತ್ತರಿಸುತ್ತೇನೆ.

ಸುಬೇದಾರ್ ಸರ್, ಪ್ರಬಂಧ ಅಳೆದಿರುವುದು ಪಾಲನ್ನು, ಬದುಕನ್ನಲ್ಲ. ಅದರ ಮೇಲೆ ಲೆಕ್ಕದ ತಕರಾರುಗಳೂ ಇವೆ. ಆದಾಯದ ಬದಲು ಖರ್ಚನ್ನು ಅಳೆಯುವ ವಿಶ್ವಬ್ಯಾಂಕ್ ಬೇರೆಯದೇ ಚಿತ್ರ ಕೊಡುತ್ತದೆ. ಕಡುಬಡವರು 2011-12ರಲ್ಲಿ ಶೇ 16.2 ಇದ್ದವರು 2022-23ಕ್ಕೆ ಶೇ 2.3ಕ್ಕೆ ಇಳಿದರು ಎಂದು 2025ರ ಏಪ್ರಿಲ್‌ನಲ್ಲಿ, ಆಗಿನ ಬಡತನ ರೇಖೆಯ ಪ್ರಕಾರ, ಅಂದಿತ್ತು. ಇದೂ ನಿಜವಿರಬಹುದು, ಅದೂ ನಿಜವಿರಬಹುದು. ಕೆಳಗಿನವನು ಒಂದು ಮೆಟ್ಟಿಲು ಹತ್ತಿದಾಗ ಮೇಲಿನವನು ಇಪ್ಪತ್ತು ಮೆಟ್ಟಿಲು ಹತ್ತಿರಬಹುದು. 2013ರಲ್ಲಿ ಅರ್ಥಶಾಸ್ತ್ರಜ್ಞರಾದ ಅಮರ್ತ್ಯ ಸೇನ್ ಮತ್ತು ಜಗದೀಶ್ ಭಗವತಿ ಮಧ್ಯೆ ನಡೆದ ವಾದವೂ ಸುಮಾರಾಗಿ ಇದೇ. ಬೆಳವಣಿಗೆ ಮೊದಲು, ಹಣ ಬಂದರೆ ಶಾಲೆ ಆಸ್ಪತ್ರೆ ತಾನಾಗಿ ಕಟ್ಟಬಹುದು ಅಂದರು ಭಗವತಿ. ಆರೋಗ್ಯವಂತ, ಓದಿದ ಜನರಿಲ್ಲದೆ ಬೆಳವಣಿಗೆಯೇ ಉಳಿಯುವುದಿಲ್ಲ ಅಂದರು ಸೇನ್. ಇಬ್ಬರಲ್ಲಿ ಯಾರ ದೇಶಪ್ರೇಮ ಕಡಿಮೆ?

ಈ ಜಗಳ ನಮ್ಮ ಮೈಸೂರಿನಲ್ಲಿ ನೂರು ವರ್ಷದ ಹಿಂದೆಯೇ ನಡೆದಿತ್ತು. ಅದನ್ನು ನಾವು ಮರೆಯಬಾರದು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯ ಕೈಗಾರಿಕೆಯಿಂದಲೇ ನಾಡು ಉಳಿಯುತ್ತದೆ ಎಂದು ನಂಬಿದವರು. ಮೈಸೂರು ಬ್ಯಾಂಕ್, ವಿಶ್ವವಿದ್ಯಾಲಯ, ಗಂಧದೆಣ್ಣೆ ಕಾರ್ಖಾನೆ, ಭದ್ರಾವತಿ ಉಕ್ಕಿನ ಯೋಜನೆ, ಎಲ್ಲದರ ಹಿಂದೆ ಅವರಿದ್ದರು. ಅದೇ ಹೊತ್ತಿಗೆ ಬ್ರಾಹ್ಮಣೇತರರು ಸರ್ಕಾರಿ ಕೆಲಸದಲ್ಲಿ ಪಾಲು ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ ಸಿಗಬೇಕು ಎಂದು ಅದು ಶಿಫಾರಸು ಮಾಡಿತು. ಹೀಗೆ ಪಾಲು ಕೊಡುವುದರಿಂದ ಅರ್ಹತೆಗೆ, ಆಡಳಿತದ ದಕ್ಷತೆಗೆ ಪೆಟ್ಟು ಬೀಳುತ್ತದೆ ಅನ್ನುವುದು ವಿಶ್ವೇಶ್ವರಯ್ಯನವರ ನಿಲುವು. ಈ ಭಿನ್ನಾಭಿಪ್ರಾಯದ ನಡುವೆ, ಸಮಿತಿಯ ವರದಿ ಬರುವ ಮೊದಲೇ, ಅವರು ದಿವಾನಗಿರಿ ಬಿಟ್ಟರು. ಆದರೂ ಮುಂದೆ ಭದ್ರಾವತಿ ಕಾರ್ಖಾನೆ ಕಷ್ಟದಲ್ಲಿದ್ದಾಗ ಅದೇ ಮಹಾರಾಜರ ಸರ್ಕಾರಕ್ಕಾಗಿ ಅದನ್ನು ನಡೆಸಿಕೊಟ್ಟರು.

ನನ್ನ ನಿಲುವು ಕೇಳಿದರೆ, ಆ ವಿಷಯದಲ್ಲಿ ಮಹಾರಾಜರೇ ಸರಿ. ಅಂದು ಆ ಬಾಗಿಲು ತೆರೆಯದಿದ್ದರೆ ವಿಶ್ವೇಶ್ವರಯ್ಯ ಕಟ್ಟಿದ ಕಾರ್ಖಾನೆಗಳಿಗೂ ವಿಶ್ವವಿದ್ಯಾಲಯಕ್ಕೂ ನಾಡಿನ ಮುಕ್ಕಾಲು ಪಾಲು ಮಕ್ಕಳು ಹೊರಗಿನವರಾಗಿಯೇ ಉಳಿಯುತ್ತಿದ್ದರು. ಕಾರ್ಖಾನೆಯೂ ಬೇಕಿತ್ತು, ಬಾಗಿಲೂ ತೆರೆಯಬೇಕಿತ್ತು. ಹಾಗಂತ ವಿಶ್ವೇಶ್ವರಯ್ಯನವರನ್ನು ನಾಡದ್ರೋಹಿ ಅನ್ನುವವರು ಮಂಡ್ಯದಲ್ಲಿ ಒಬ್ಬರಾದರೂ ಸಿಗುತ್ತಾರಾ?

ಪೀಣ್ಯ ಲೇತ್

ಮೇಷ್ಟ್ರೇ, ಈ ಮೈಸೂರಿನ ವಿಷಯ ಚೆನ್ನಾಗಿ ಹೇಳಿದಿರಿ. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. ತೆರಿಗೆ ಹಾಕಿ ಅನ್ನುವವರು ಅದು ಎಲ್ಲಿಗೆ ಹೋಗುತ್ತದೆ ಅಂತ ಹೇಳುತ್ತಿಲ್ಲ. ನಮ್ಮ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮಳೆ ಬಂದರೆ ಮೊಣಕಾಲುದ್ದ ನೀರು. ನಾವು ಕಟ್ಟುವ ಜಿಎಸ್‌ಟಿ, ಆಸ್ತಿ ತೆರಿಗೆಗೆ ಒಂದು ಮೋರಿಯೂ ಸಿಗಲ್ಲ. ಸ್ವೀಡನ್ ಮೇಡಂ ಖುಷಿಯಿಂದ ಕಟ್ಟುತ್ತಾರೆ, ಯಾಕೆಂದರೆ ಅವರಿಗೆ ಶಾಲೆ ಕಣ್ಣಿಗೆ ಕಾಣುತ್ತದೆ. 2019ರಲ್ಲಿ ಕಂಪನಿಗಳ ತೆರಿಗೆ ಶೇ 30ರಿಂದ ಶೇ 22ಕ್ಕೆ ಇಳಿಸಿದಾಗ, ಪಾಲುದಾರಿಕೆಯಲ್ಲಿ ನಡೆಯುವ ನಮ್ಮಂಥ ಫರ್ಮ್‌ಗಳಿಗೆ ಅದು ಸಿಗಲಿಲ್ಲ. ನಾವು ಈಗಲೂ ಶೇ 30ರಲ್ಲೇ ಇದ್ದೇವೆ. ಹಾಗಾಗಿ ಬಂಡವಾಳಶಾಹಿ ಅಂತ ಎಲ್ಲರನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ದೊಡ್ಡ ಕಂಪನಿಯ ಹತ್ತಿರ ಸರ್ಕಾರವೇ ಹೋಗುತ್ತದೆ, ನಾವು ಸರ್ಕಾರದ ಕಚೇರಿಯ ಹೊರಗೆ ಬೆಂಚಿನ ಮೇಲೆ ಕೂರುತ್ತೇವೆ.

ಬಯಲುಸೀಮೆ

ಅಣ್ಣಾ, ನೀವು ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಆ ಬೆಂಚಿನ ಮೇಲೆ ನಿಮ್ಮ ಪಕ್ಕದಲ್ಲೇ ನಮ್ಮಪ್ಪನೂ ಕೂತಿರುತ್ತಾರೆ, ಪಹಣಿ ತಿದ್ದುಪಡಿಗೆ.

ತೆರಿಗೆ ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ಉತ್ತರ 1966ರಲ್ಲೇ ಬಂದಿದೆ. ಕೊಠಾರಿ ಆಯೋಗ ಎರಡು ಮಾತು ಹೇಳಿತು. ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ಕೊಡಿ. ಎಲ್ಲ ಮಕ್ಕಳೂ ಹತ್ತಿರದ ಒಂದೇ ಸಾಮಾನ್ಯ ಶಾಲೆಗೆ ಹೋಗುವಂತೆ ಮಾಡಿ. ಎರಡೂ ಆಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಖಾಸಗಿ ಶಾಲೆಯ ಶೇ 25 ಸೀಟು ಬಡ ಮಕ್ಕಳಿಗೆ ಅಂತ ಒಂದು ಸಣ್ಣ ಕಿಂಡಿ ಇತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದು 2019ರಿಂದ ಕರ್ನಾಟಕ ಅದನ್ನೂ ಬಹುಪಾಲು ಮುಚ್ಚಿತು.

ನಿಮ್ಮನ್ನು ಒಂದು ಕೇಳಲಾ? ನಿಮ್ಮ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡುವವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಸಂಬಳದಲ್ಲಿ ಎಷ್ಟು ಅದಕ್ಕೇ ಹೋಗುತ್ತದೆ, ಕೇಳಿ ಇಲ್ಲಿ ಬರೆಯುತ್ತೀರಾ?

ಪೀಣ್ಯ ಲೇತ್

ಊಟದ ಹೊತ್ತಿನಲ್ಲಿ ಕೇಳಿದೆ ತಮ್ಮಾ. ಹೆಚ್ಚಿನವರು ಬಡಾವಣೆಯ ಸಣ್ಣ ಖಾಸಗಿ ಇಂಗ್ಲಿಷ್ ಶಾಲೆಗೆ ಕಳಿಸುತ್ತಾರೆ. ಸೀನಿಯರ್ ಟರ್ನರ್ ಒಬ್ಬರಿಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರ ಫೀಸು, ವ್ಯಾನು, ಪುಸ್ತಕ ಸೇರಿದರೆ ವರ್ಷಕ್ಕೆ ಎರಡೂವರೆ ತಿಂಗಳ ಸಂಬಳ ಹೋಗುತ್ತದಂತೆ. ಮೇ, ಜೂನ್‌ನಲ್ಲಿ ಎಲ್ಲರೂ ಅಡ್ವಾನ್ಸ್ ಕೇಳುವುದು ಇದಕ್ಕೇ. ಒಡಿಶಾದಿಂದ ಬಂದ ಹುಡುಗರ ಮಕ್ಕಳು ಊರಿನಲ್ಲೇ ಅಜ್ಜ ಅಜ್ಜಿ ಹತ್ತಿರ ಇದ್ದಾರೆ. ಸರ್ಕಾರಿ ಶಾಲೆ ಚೆನ್ನಾಗಿದ್ದರೆ ಅಲ್ಲಿಗೇ ಕಳಿಸುತ್ತೇವೆ ಅಂತ ಟರ್ನರ್ ಹೇಳಿದರು. ಈಗಿರುವ ಶಾಲೆಯಲ್ಲಿ ಗಣಿತಕ್ಕೆ ಮೇಷ್ಟ್ರಿಲ್ಲವಂತೆ.

ನನ್ನ ಶೆಡ್ಡಿನ ಮೇಲೆ ಶೇ 2 ತೆರಿಗೆಗೆ ನಾನು ಈಗಲೂ ವಿರೋಧ. ಆದರೆ ಲೆಕ್ಕಪತ್ರ ಮೇಡಂ ಹೇಳಿದ ಹಾಗೆ ಷೇರಿನ ಲಾಭಕ್ಕೂ ಸಂಬಳದಷ್ಟೇ ತೆರಿಗೆ ಹಾಕಲಿ. ಬಂದ ಹಣದಲ್ಲಿ ಆ ಶಾಲೆಗೆ ಗಣಿತದ ಮೇಷ್ಟ್ರು ಬರಲಿ, ಖರ್ಚಿನ ಪಟ್ಟಿಯನ್ನು ಶಾಲೆಯ ಗೋಡೆಗೇ ಅಂಟಿಸಲಿ. ನನ್ನ ಹತ್ತಿರವೂ ಒಂದಿಷ್ಟು ಷೇರು ಇವೆ. ಆ ತೆರಿಗೆ ಕಟ್ಟಲು ನಾನು ಸಿದ್ಧ.